ಕೊಬ್ಬರಿ ಡ್ರೈಯರ್‌ನ ಥರ್ಮೋಸ್ಟ್ಯಾಟ್ ಜೋಡಣೆ: ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ

ಥರ್ಮೋಸ್ಟ್ಯಾಟ್ ಎಂದರೆ ಶಾಖದ ಮಾತು ಕೇಳುವ ಸ್ವಿಚ್ಚು. ಗೊತ್ತುಮಾಡಿದ ಬಿಸಿ ಮುಟ್ಟಿದೊಡನೆ ಹೀಟರಿನ ಕರೆಂಟನ್ನು ಕಡಿಯುತ್ತದೆ, ಬಿಸಿ ಇಳಿದಾಗ ಮತ್ತೆ ಕೊಡುತ್ತದೆ. ಚಳಿ ದೇಶಗಳಲ್ಲಿ ಇದರ ಜಾಗ ಕೋಣೆಯ ಗೋಡೆ. ನೆಲದಂಚಿಗೆ ಕೂರಿಸಿದ ಬೇಸ್‌ಬೋರ್ಡ್ ಹೀಟರನ್ನು ಆಳುವುದು ಅದರ ಕೆಲಸ. ತುಮಕೂರು ಜಿಲ್ಲೆಯ ಪಶ್ಚಿಮ ಭಾಗದ ಮೂರು ತೆಂಗಿನ ತಾಲ್ಲೂಕುಗಳಲ್ಲಿ, ಅಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳಲ್ಲಿ, ಮಾಗಿಯ ಚಳಿಗೆ ಒಂದು ಕಂಬಳಿ ಸಾಕು. ಕೋಣೆ ಕಾಯಿಸುವ ಹೀಟರನ್ನು ಇಲ್ಲಿ ಯಾರೂ ಗೋಡೆಗೆ ಕೂರಿಸುವುದಿಲ್ಲ. ಗಾಳಿ ಕಾಯಿಸಬೇಕಾದ ಪ್ರಸಂಗ ಬರುವುದು ತೆಂಗಿನ ತಿರುಳಿನ ಸಲುವಾಗಿ. ಹೋಳು ಮಾಡಿದ ಕಾಯಿ ಒಣಗಿಸುವ ಡ್ರೈಯರು, ಕೊಬ್ಬರಿ ಪುಡಿಯ ಕಾರ್ಖಾನೆ, ಎಣ್ಣೆ ಗಾಣದ ಪಕ್ಕದ ಒಣಗಿಸುವ ಪೆಟ್ಟಿಗೆ, ಇವು ಈ ಸೀಮೆಯಲ್ಲಿ ಥರ್ಮೋಸ್ಟ್ಯಾಟ್ ಕೆಲಸ ಮಾಡುವ ಜಾಗಗಳು. ಬಚ್ಚಲಮನೆಯ ಗೀಸರನ್ನು ಸೇರಿಸಿದರೆ ಪಟ್ಟಿ ಬಹುಮಟ್ಟಿಗೆ ಮುಗಿಯಿತು.

ಅಟ್ಟ

ಈ ಸೀಮೆಯ ಹೆಸರು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಅದಕ್ಕೆ ಹೀಟರೂ ಬೇಡ, ಥರ್ಮೋಸ್ಟ್ಯಾಟೂ ಬೇಡ. ಹನ್ನೊಂದು ಹನ್ನೆರಡು ತಿಂಗಳು ಬಲಿತ ಕಾಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಅಟ್ಟದ ತಳವನ್ನು ಬಿದಿರು, ಅಡಿಕೆ ದಬ್ಬೆ ಇಲ್ಲವೇ ಮರದ ಪಟ್ಟಿಗಳಿಂದ ಸಂದು ಬಿಟ್ಟು ಕಟ್ಟಿರುತ್ತಾರೆ. ಗಾಳಿ ಕೆಳಗಿನಿಂದ ಮೇಲಕ್ಕೆ ಆಡುತ್ತದೆ. ಎಂಟರಿಂದ ಹನ್ನೆರಡು ತಿಂಗಳಲ್ಲಿ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಕಾಯಿ ಅಲ್ಲಾಡಿಸಿದರೆ ಗುಡುಗುಡು ಸದ್ದು ಬರುತ್ತದೆ. ಆಮೇಲೆ ಸುಲಿದು, ಚಿಪ್ಪಿಗಷ್ಟೇ ಏಟು ಬೀಳುವಂತೆ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆಯುವುದು ಕೈ ಪಳಗಿದವರ ಕೆಲಸ.

ಶಾಖಶಾಸ್ತ್ರದ ಕಣ್ಣಿನಿಂದ ನೋಡಿದರೆ ಅಟ್ಟ ಒಂದು ಜಾಣ ಏರ್ಪಾಟು. ನಾರು ತುಂಬಿದ ಮಟ್ಟೆ ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮಧ್ಯಾಹ್ನದ ಕಾವು ತಿರುಳಿಗೆ ತಲುಪುವ ಮೊದಲೇ ಸಂಜೆಯಾಗುತ್ತದೆ, ರಾತ್ರಿಯ ತಂಪು ತಲುಪುವ ಮೊದಲೇ ಬೆಳಗಾಗುತ್ತದೆ. ಸಾವಿರಾರು ಕಾಯಿಗಳ ರಾಶಿ ತನ್ನ ತೂಕದಿಂದಲೇ ಏರಿಳಿತವನ್ನು ತಗ್ಗಿಸುತ್ತದೆ. ಹಳೆಯ ಮನೆಗಳಲ್ಲಿ ಅಟ್ಟ ಅಡುಗೆಮನೆಯ ನೆತ್ತಿಯ ಮೇಲಿರುತ್ತಿತ್ತು. ಸೌದೆ ಒಲೆಯ ಬಿಸಿ ಮತ್ತು ಹೊಗೆ ಮಳೆಗಾಲದ ತೇವವನ್ನೂ ಬೂಷ್ಟನ್ನೂ ದೂರವಿಡುತ್ತಿದ್ದವು. ಗ್ಯಾಸು ಬಂದ ಮೇಲೆ ಅಟ್ಟ ಮನೆಯಿಂದ ತೋಟದ ಶೆಡ್ಡಿಗೆ ಹೋಯಿತು. ಜೋರು ಮಳೆಯ ದಿನಗಳಲ್ಲಿ ಅದರಡಿ ಮಟ್ಟೆ ಹೊಗೆ ಹಾಕುವ ರೂಢಿ ಕೆಲವೆಡೆ ಉಳಿದಿದೆ. ಕರಾವಳಿಗೆ ಹೋಲಿಸಿದರೆ ಒಣಹವೆಯ ಈ ಬಯಲುಸೀಮೆಯಲ್ಲಿ ಉಂಡೆ ಕೊಬ್ಬರಿ ಕೈ ಹಿಡಿದಿದ್ದಕ್ಕೆ ಹವೆಯೇ ಅರ್ಧ ಕಾರಣ.

ಹೀಟರಿಟ್ಟು ಈ ಒಂದು ವರ್ಷವನ್ನು ಒಂದು ವಾರಕ್ಕೆ ಇಳಿಸಬಾರದೇಕೆ ಎಂಬ ಪ್ರಶ್ನೆ ಎಂಜಿನಿಯರಿಂಗ್ ಓದಿ ಊರಿಗೆ ಬಂದ ಹುಡುಗರಿಗೆ ಹೊಳೆಯದೆ ಇರುವುದಿಲ್ಲ. ಇಳಿಸಲಾಗದು. ಮುಚ್ಚಿದ ಚಿಪ್ಪಿನೊಳಗಿಂದ ನೀರು ಹೊರಬರಲು ಅದರದೇ ಕಾಲ ಬೇಕು. ಬಿಸಿಯಿಂದ ಅವಸರಿಸಿದರೆ ಚಿಪ್ಪು ಬಿರಿಯುವ ಅಪಾಯವಿದೆ, ಬಿರಿದ ಕಾಯಿ ಉಂಡೆಯಾಗದು. ಬೆಲೆಯಿರುವುದು ಉಂಡೆಗೆ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ, ಎಣ್ಣೆಗೆ ಹೋಗುವ ಹೋಳು ಕೊಬ್ಬರಿಗೆ 11,582. ತಿಪಟೂರಿನ ಎಪಿಎಂಸಿ ಮಾರುಕಟ್ಟೆಯಿಂದ ಉತ್ತರ ಭಾರತದ ಮದುವೆ, ಹಬ್ಬ, ಡ್ರೈಫ್ರೂಟ್ ಅಂಗಡಿಗಳಿಗೆ ಹೋಗುವ ಸರಕಿನಲ್ಲಿ ಮುಖ್ಯವಾದದ್ದು ಉಂಡೆಯೇ.

ಹೀಟರಿಗೆ ಕೆಲಸ ಎಲ್ಲಿ

ಅಟ್ಟಕ್ಕೆ ಹೋಗದ ಕಾಯಿಗಳಿವೆ. ನುಸಿ ಬಿದ್ದು ಗಿಡ್ಡಾದವು, ಕೆಡವುವಾಗ ಬಿರಿದವು, ಅಟ್ಟದಲ್ಲೇ ಒಡೆದು ಕೌಟಾಗುವ ಹಾದಿಯಲ್ಲಿರುವವು, ಕೈಗೆ ದುಡ್ಡು ಬೇಗ ಬೇಕಾದ ರೈತ ವರ್ಷಗಟ್ಟಲೆ ಕಾಯಲಾಗದೆ ಒಡೆಸಿದವು. ಇವನ್ನು ಹೋಳು ಮಾಡಿ ಗಿಟುಕು ಕೊಬ್ಬರಿ ಮಾಡುತ್ತಾರೆ. ಬಿಸಿಲು ಚೆನ್ನಾಗಿದ್ದರೆ ಆರರಿಂದ ಎಂಟು ದಿನದಲ್ಲಿ ಅಂಗಳದಲ್ಲೇ ಒಣಗುತ್ತದೆ. ಈ ಸೀಮೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಜೋರು. ಆಗ ಒಡೆದ ಕಾಯಿ ಎರಡು ದಿನ ಮೋಡ ಕಂಡರೆ ಲೋಳೆಯಾಗಿ, ಮೂರನೆಯ ದಿನಕ್ಕೆ ಬೂಷ್ಟು ಕಟ್ಟುತ್ತದೆ. ಹಸಿ ಕೊಬ್ಬರಿಯ ಮೇಲೆ ಬೆಳೆಯುವ ಆಸ್ಪರ್‌ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷ ಬಿಡುತ್ತದೆ. ನೇರ ಹೊಗೆಯಲ್ಲಿ ಒಣಗಿಸಿದರೆ ಬೂಷ್ಟು ತಪ್ಪುತ್ತದೆ, ಆದರೆ ಕೊಬ್ಬರಿ ಕಪ್ಪಾಗಿ ಎಣ್ಣೆಗೆ ಹೊಗೆವಾಸನೆ ಹತ್ತುತ್ತದೆ. ಹೊಗೆ ತಾಗದ ಬಿಸಿಗಾಳಿಯ ಡ್ರೈಯರು ಹುಟ್ಟಿದ್ದು ಈ ಇಕ್ಕಟ್ಟಿನಿಂದ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಆರಂಭವಾಗಿ 1970ರಲ್ಲಿ ಈಗಿನ ಹೆಸರು ಪಡೆದ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಚಿಪ್ಪು ಉರಿಸುವ ಹಾಗೂ ವಿದ್ಯುತ್ತಿನ ಡ್ರೈಯರುಗಳ ಮಾದರಿಗಳನ್ನು ರೂಪಿಸಿದೆ.

ವಿದ್ಯುತ್ತಿನ ಡ್ರೈಯರು ಈ ಸೀಮೆಯಲ್ಲಿ ಮನೆಮಾತಾಗದೆ ಉಳಿದುದಕ್ಕೆ ಸಣ್ಣ ಲೆಕ್ಕವೊಂದು ಕಾರಣ ಹೇಳುತ್ತದೆ. ಹಸಿ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ನೂರು ಕಿಲೊ ತಿರುಳನ್ನು ಶೇ. 6ರ ತೇವಕ್ಕೆ ಇಳಿಸಿದರೆ ಉಳಿಯುವುದು 53 ಕಿಲೊ. ಸುಮಾರು 47 ಕಿಲೊ ನೀರು ಆವಿಯಾಗಬೇಕು. ಕಿಲೊ ನೀರಿಗೆ 2.4 ಮೆಗಾಜೂಲ್ ಹಿಡಿದರೆ ಒಟ್ಟು 112 ಮೆಗಾಜೂಲ್, ಅಂದರೆ 31 ಯೂನಿಟ್ ಕರೆಂಟು. ಇದು ಒಂದು ಹನಿ ಶಾಖವೂ ಪೋಲಾಗದಿದ್ದರೆ. ಅರ್ಧ ಪೋಲಾದರೆ 62 ಯೂನಿಟ್. ಇನ್ನು ಚಿಪ್ಪಿನ ಲೆಕ್ಕ: ಸುಲಿಯದ ಕಾಯಿಯ ತೂಕದಲ್ಲಿ ತಿರುಳು ಸುಮಾರು ಶೇ. 28, ಚಿಪ್ಪು ಶೇ. 12 ಎನ್ನುತ್ತಾರೆ. ನೂರು ಕಿಲೊ ತಿರುಳಿನ ಜೊತೆ 43 ಕಿಲೊ ಚಿಪ್ಪು ಬಂದೇ ಬರುತ್ತದೆ. ಕಿಲೊ ಚಿಪ್ಪು ಉರಿದರೆ 20 ಮೆಗಾಜೂಲ್ ಆಸುಪಾಸು. ಎಲ್ಲ ಸೇರಿ 860. ಏಳರಲ್ಲೊಂದು ಪಾಲು ಶಾಖ ತಿರುಳಿಗೆ ತಲುಪಿದರೂ ಕೆಲಸ ಆಯಿತು. ಕಾಯಿ ತನ್ನ ಚಿಪ್ಪಿನಿಂದಲೇ ಒಣಗಬಲ್ಲದು ಎಂದಮೇಲೆ ಮೀಟರು ಓಡಿಸುವವರು ಯಾರು?

ಆದರೂ ಓಡಿಸುವವರಿದ್ದಾರೆ, ಅವರ ಕಾರಣಗಳೂ ಸರಿಯಾಗಿವೆ. ಚಿಪ್ಪಿಗೆ ಇದ್ದಿಲು ವ್ಯಾಪಾರಿಗಳಿಂದ ಒಳ್ಳೆಯ ಬೆಲೆ ಬಂದಾಗ ಅದನ್ನು ಉರಿಸುವುದು ನಷ್ಟ. ಚಿಪ್ಪಿನ ಒಲೆಗೆ ರಾತ್ರಿಯಿಡೀ ಒಬ್ಬ ಆಳು ಎಚ್ಚರ ಇರಬೇಕು. ವರ್ಜಿನ್ ಎಣ್ಣೆ ತೆಗೆಯುವ ಸಣ್ಣ ಘಟಕಗಳಿಗೆ ಬಿಳುಪು ಮತ್ತು ವಾಸನೆಯೇ ಬಂಡವಾಳ; ಅಲ್ಲಿ ಐದು ಡಿಗ್ರಿ ಹೆಚ್ಚುಕಡಿಮೆಯೂ ಲೆಕ್ಕಕ್ಕೆ ಬರುತ್ತದೆ. ತಿಪಟೂರು ಸುತ್ತಿನ ಕೊಬ್ಬರಿ ಪುಡಿ ಕಾರ್ಖಾನೆಗಳಲ್ಲಿ ತೇವ ಶೇ. 3ಕ್ಕಿಂತ ಕೆಳಗಿಳಿಯಬೇಕು. ಅಲ್ಲಿ ಶಾಖ ಸಾಮಾನ್ಯವಾಗಿ ಬಾಯ್ಲರಿನದು, ಹಾಗಾಗಿ ಥರ್ಮೋಸ್ಟ್ಯಾಟು ಹೀಟರಿನ ಬದಲು ಹಬೆಯ ಕವಾಟವನ್ನೋ ಗಾಳಿಯ ಬ್ಲೋಯರನ್ನೋ ಆಳುತ್ತದೆ. ಜೋಡಣೆಯ ತತ್ವ ಅದೇ.

ಉಪಕರಣ

ಶಾಖವನ್ನು ತಾನೇ ತಾನಾಗಿ ಹಿಡಿತದಲ್ಲಿಡುವ ಯೋಚನೆ ಹಳೆಯದು. ಡಚ್ ಕುಶಲಿ ಕಾರ್ನೆಲಿಸ್ ಡ್ರೆಬೆಲ್ 17ನೆಯ ಶತಮಾನದ ಆದಿಯಲ್ಲಿ ಮೊಟ್ಟೆ ಕಾವು ಕೊಡುವ ಪೆಟ್ಟಿಗೆಗೆ ಅಂಥ ಏರ್ಪಾಟು ಮಾಡಿದ್ದ. ಎರಡು ಲೋಹಗಳ ಪಟ್ಟಿ ಬೆಸೆದು ಬಿಸಿಗೆ ಬಾಗುವಂತೆ ಮಾಡಿದ ಥರ್ಮೋಸ್ಟ್ಯಾಟಿಗೆ 1830ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್. ಕೋಣೆಯ ವಿದ್ಯುತ್ ಥರ್ಮೋಸ್ಟ್ಯಾಟಿಗೆ 1883ರಲ್ಲಿ ಅಮೆರಿಕದ ವಾರನ್ ಜಾನ್ಸನ್ ಪೇಟೆಂಟ್ ಪಡೆದ. ಶಾಲೆಯ ತರಗತಿ ತಣ್ಣಗಾದರೆ ಜವಾನನಿಗೆ ತಿಳಿಯಲಿ ಎಂಬುದು ಈ ಮೇಷ್ಟರ ಮೂಲ ಗುರಿ.

ಡ್ರೈಯರಿನಲ್ಲಿ ಹೆಚ್ಚು ಕಾಣುವುದು ಕ್ಯಾಪಿಲರಿ ಥರ್ಮೋಸ್ಟ್ಯಾಟ್. ಬೆರಳುದ್ದದ ತಾಮ್ರದ ಬಲ್ಬು, ಅದರಿಂದ ಹೊರಟ ಕೂದಲೆಳೆಯಂಥ ನಳಿಕೆ, ತುದಿಯಲ್ಲಿ ಡಯಲು. ಬಲ್ಬಿನ ದ್ರವ ಬಿಸಿಗೆ ಹಿಗ್ಗಿ, ನಳಿಕೆಯ ಮೂಲಕ ತೆಳು ತಗಡೊಂದನ್ನು ಒತ್ತುತ್ತದೆ. ಟಕ್ಕೆಂದು ಸ್ವಿಚ್ಚು ಬಿಡುತ್ತದೆ. ಬಿಡುವ ಬಿಸಿಗೂ ಮತ್ತೆ ಕೂಡುವ ಬಿಸಿಗೂ ಕೆಲವು ಡಿಗ್ರಿಗಳ ಅಂತರ ಇರುತ್ತದೆ, ಇರಲೇಬೇಕು. ಇಲ್ಲದಿದ್ದರೆ ನಿಮಿಷಕ್ಕೆ ಹತ್ತು ಸಲ ಬಡಿದುಕೊಂಡು ಸಂಪರ್ಕಬಿಂದುಗಳು ಸುಟ್ಟುಹೋಗುತ್ತವೆ. ದೊಡ್ಡ ಘಟಕಗಳಲ್ಲಿ ಡಿಜಿಟಲ್ ನಿಯಂತ್ರಕವಿರುತ್ತದೆ. ಅದರ ಮೂಗು ಪ್ಲಾಟಿನಂ ತಂತಿಯದು: ಸೊನ್ನೆ ಡಿಗ್ರಿಯಲ್ಲಿ 100 ಓಮ್, ನೂರು ಡಿಗ್ರಿಯಲ್ಲಿ 138.5 ಓಮ್ ರೋಧ ತೋರುತ್ತದೆ.

ಜೋಡಣೆ

ಡ್ರೈಯರಿನ ಎಡವಟ್ಟುಗಳ ಮೂಲ ಒಂದು ತಪ್ಪು ತಿಳಿವಳಿಕೆ: ಥರ್ಮೋಸ್ಟ್ಯಾಟು ಇದ್ದರೆ ಕಾವಲು ಇದ್ದಂತೆ ಎಂಬುದು. ಥರ್ಮೋಸ್ಟ್ಯಾಟು ಬಿಸಿಯನ್ನು ಹದದಲ್ಲಿಡುತ್ತದೆ, ಅಷ್ಟೆ. ನಳಿಕೆ ಎಲ್ಲೋ ಮಡಚಿ ದ್ರವ ಸೋರಿದರೆ ಅದಕ್ಕೆ ಡ್ರೈಯರು ಸದಾ ತಣ್ಣಗಿದ್ದಂತೆ ತೋರುತ್ತದೆ, ಹೀಟರನ್ನು ಬಿಡುವುದೇ ಇಲ್ಲ. ಸಂಪರ್ಕಬಿಂದುಗಳು ಕಿಡಿ ಹಾರಿ ಬೆಸೆದುಕೊಂಡರೂ ಅದೇ ಗತಿ. ಕೆಡುವಾಗ ಅದು ಅಪಾಯದ ಕಡೆಗೇ ಕೆಡುತ್ತದೆ. ಆದ್ದರಿಂದ ಬಿಸಿ ಅಳೆಯುವುದು, ಕರೆಂಟು ಹಿಡಿದು ಬಿಡುವುದು, ಮಿತಿ ಮೀರಿದಾಗ ಕಾಪಾಡುವುದು, ಈ ಮೂರನ್ನೂ ಬೇರೆಬೇರೆ ಕೈಗೆ ಕೊಡುವುದು ಸರಿಯಾದ ಜೋಡಣೆ.

230 ವೋಲ್ಟಿನ ಸಿಂಗಲ್ ಫೇಸಿನಲ್ಲಿ ಓಡುವ ಎರಡು ಕಿಲೊವಾಟಿನ ಸಣ್ಣ ಡ್ರೈಯರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ಎಳೆಯುವುದು 8.7 ಆಂಪಿಯರ್. ಬೋರ್ಡಿನಿಂದ ಬಂದ ಫೇಸು, ನ್ಯೂಟ್ರಲ್ಲುಗಳೆರಡೂ ಮೊದಲು ಡಬಲ್ ಪೋಲ್ ಎಂಸಿಬಿಗೆ, ಅಲ್ಲಿಂದ 30 ಮಿಲಿಆಂಪಿಯರಿನ ಸೋರಿಕೆ ತಡೆಗೆ ಹೋಗಬೇಕು. ಆಮೇಲೆ ದಾರಿ ಕವಲೊಡೆಯುತ್ತದೆ. ಫ್ಯಾನಿಗೆ ಹೋಗುವ ಫೇಸು ಥರ್ಮೋಸ್ಟ್ಯಾಟಿನ ಹಿಂದೆಯೇ ಬೇರೆಯಾಗಬೇಕು. ಹೀಟರು ಆರಿದಾಗಲೂ ಫ್ಯಾನು ತಿರುಗುತ್ತಿರಬೇಕು. ಹೀಟರಿಗೆ ಹೋಗುವ ಫೇಸು ಥರ್ಮೋಸ್ಟ್ಯಾಟನ್ನು ಹಾದು, ಅದರ ಮುಂದೆ ಕೈಯಿಂದಲೇ ಒತ್ತಿ ಮರಳಿ ಕೂಡಿಸಬೇಕಾದ ಮಿತಿಶಾಖ ಕಟ್‌ಔಟನ್ನು ಹಾದು, ಕಾಯಿಲಿಗೆ ಸೇರುತ್ತದೆ. ಕಾಯಿಲಿನ ಇನ್ನೊಂದು ತುದಿ ನ್ಯೂಟ್ರಲ್ಲಿಗೆ. ಪೆಟ್ಟಿಗೆಯ ತಗಡು, ಟ್ರೇ ಕೂರುವ ಚೌಕಟ್ಟು, ಹೀಟರಿನ ಕವಚ ಎಲ್ಲಕ್ಕೂ ಅರ್ತು. ಫ್ಯಾನು ನಿಂತರೆ ಹೀಟರೂ ನಿಲ್ಲುವಂತೆ ಇವೆರಡರ ನಡುವೆ ಕೊಂಡಿ ಹಾಕುವುದನ್ನು ಸಣ್ಣ ಘಟಕಗಳಲ್ಲಿ ಉಳಿತಾಯದ ಹೆಸರಲ್ಲಿ ಬಿಡುತ್ತಾರೆ. ಬಿಡಬಾರದ್ದು ಅದೇ. ಗಾಳಿಯಿಲ್ಲದೆ ಉರಿಯುವ ಕಾಯಿಲಿನ ಪಕ್ಕ ಎಣ್ಣೆಯ ಸರಕಿದೆ.

ಥರ್ಮೋಸ್ಟ್ಯಾಟಿನ ಬೆನ್ನಿನಲ್ಲಿ ಮೂರು ಕಡ್ಡಿಗಳಿದ್ದರೆ ಒಂದು ಕಾಮನ್, ಒಂದು ಬಿಸಿಯೇರಿದಾಗ ಬಿಡುವುದು, ಇನ್ನೊಂದು ಬಿಸಿಯೇರಿದಾಗ ಕೂಡುವುದು. ಹೀಟರಿಗೆ ಬೇಕಾದದ್ದು ಎರಡನೆಯದು. ಮೂರನೆಯದಕ್ಕೆ ಕೊಟ್ಟರೆ ತಣ್ಣಗಿರುವಾಗ ಹೀಟರು ಸುಮ್ಮನಿದ್ದು, ಬೇಸಿಗೆಯ ಮಧ್ಯಾಹ್ನ ಕಾದ ಪೆಟ್ಟಿಗೆಯಲ್ಲಿ ಒಮ್ಮೆ ಹೊತ್ತಿಕೊಂಡರೆ ಮತ್ತೆ ಆರುವುದಿಲ್ಲ. ಪರೀಕ್ಷೆ ಸುಲಭ. ಕರೆಂಟು ತೆಗೆದು, ಬಲ್ಬನ್ನು ಒಲೆಯ ಮೇಲಿನ ನೀರಿನ ಪಾತ್ರೆಗೆ ಥರ್ಮಾಮೀಟರಿನ ಜೊತೆ ಇಳಿಬಿಟ್ಟು, ಕಡ್ಡಿಗಳಿಗೆ ಮಲ್ಟಿಮೀಟರ್ ಹಿಡಿದು ಕೂತರೆ, ಯಾವ ಜೋಡಿ ಯಾವ ಡಿಗ್ರಿಯಲ್ಲಿ ಬಿಡುತ್ತದೆ ಎಂಬುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಡಯಲಿನ ಅಂಕಿ ಎಷ್ಟು ಸುಳ್ಳು ಹೇಳುತ್ತದೆ ಎಂಬುದೂ ಅದೇ ಹೊತ್ತಿಗೆ ಬಯಲಾಗುತ್ತದೆ.

ಬಲ್ಬನ್ನು ಎಲ್ಲಿ ಕಟ್ಟಬೇಕೆಂಬುದು ತಂತಿಯ ಪ್ರಶ್ನೆಯಷ್ಟೇ ಮುಖ್ಯ. ಹಸಿ ಹೋಳುಗಳ ನಡುವೆ ಹಾದ ಗಾಳಿ ನೀರನ್ನು ಆವಿ ಮಾಡುತ್ತ ತಾನು ತಣ್ಣಗಾಗುತ್ತದೆ. ಕೆಳಗೆ 65 ಡಿಗ್ರಿಯಲ್ಲಿ ಹೊಕ್ಕ ಗಾಳಿ ಮೊದಲ ತಾಸುಗಳಲ್ಲಿ ಮೇಲೆ ಎಷ್ಟೋ ಡಿಗ್ರಿ ಇಳಿದು ಹೊರಬೀಳುತ್ತದೆ. ಬಲ್ಬು ಮೇಲಿನ ಬಾಯಲ್ಲಿದ್ದರೆ ಅದು ಆ ತಂಪನ್ನು ನಂಬಿ ಹೀಟರನ್ನು ಉರಿಸುತ್ತಲೇ ಇರುತ್ತದೆ. ಕೆಳಗಿನ ಟ್ರೇಯ ಕೊಬ್ಬರಿಯ ಹೊರಮೈ ಗಟ್ಟಿಯಾಗಿ ಕಂದಿ, ಒಳಗಿನ ನೀರು ಸಿಕ್ಕಿಬೀಳುತ್ತದೆ. ಬಲ್ಬಿನ ಸರಿಯಾದ ಜಾಗ ಹೀಟರು ದಾಟಿದ ಮೇಲೆ, ಕೆಳಗಿನ ಟ್ರೇಗೆ ಮೊದಲು, ಗಾಳಿಯ ನಡುಮಧ್ಯೆ. ತಗಡಿಗೂ ತಾಗಬಾರದು, ಕಾಯಿಲಿನ ಕೆಂಪಿಗೂ ನೇರ ಕಾಣಬಾರದು. ಹೋಳು ಕೊಬ್ಬರಿಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಒಳ್ಳೆಯ ಹದ. 80 ದಾಟಿದರೆ ಬಣ್ಣವೂ ಎಣ್ಣೆಯ ಗುಣವೂ ಕೆಡುತ್ತವೆ.

ತಂತಿಯ ಬಗ್ಗೆ ಒಂದು ಮಾತು. ಮನೆ ವೈರಿಂಗಿನ ಸಾಮಾನ್ಯ ಪಿವಿಸಿ ತಂತಿಯ ಹೊದಿಕೆ ತಾಳುವುದು 70 ಡಿಗ್ರಿವರೆಗೆ. ಗೋಡೆಯಲ್ಲಿ ಅದು ಧಾರಾಳ, ಡ್ರೈಯರಿನ ಹೊಟ್ಟೆಯಲ್ಲಿ ಸಾಲದು. ಪೆಟ್ಟಿಗೆಯವರೆಗೆ 2.5 ಚದರ ಮಿಲಿಮೀಟರಿನ ತಾಮ್ರ, ಒಳಗಡೆ ಸಿಲಿಕೋನ್ ಅಥವಾ ಗಾಜಿನ ನಾರಿನ ಹೊದಿಕೆಯ ತಂತಿ ಬಳಸಬೇಕು. ತಿರುಚಿ ಟೇಪು ಸುತ್ತಿದ ಜಾಯಿಂಟು ನಮ್ಮೂರ ಕಡೆ ಒಂದು ಕಲೆಯೇ ಆಗಿದೆ. ಹೀಟರಿನ ಲೋಡಿಗೆ ಆ ಕಲೆ ಬೇಡ. ಇಲಿ, ಅಳಿಲು ತಂತಿ ಕಡಿಯದ ಶೆಡ್ಡು ತೆಂಗಿನ ಸೀಮೆಯಲ್ಲಿ ಇಲ್ಲವಾದ್ದರಿಂದ ಹೊರಗಿನ ತಂತಿಗೆ ಪೈಪು ಬೇಕೇ ಬೇಕು.

ಕರೆಂಟಿನ ಗುಣ

ಡ್ರೈಯರ್ ಮಾರುವವರ ಕೈಪಿಡಿಗಳಲ್ಲಿ ಹೆಚ್ಚಾಗಿ ಇಲ್ಲದ, ಈ ಸೀಮೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ವಿಷಯ ವೋಲ್ಟೇಜು. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. 230 ವೋಲ್ಟಿಗೆ 2,000 ವಾಟ್ ಕೊಡುವ ಕಾಯಿಲು 180ರಲ್ಲಿ ಕೊಡುವುದು 1,225 ವಾಟ್ ಮಾತ್ರ, 260ರಲ್ಲಿ 2,556. ಹೆಚ್ಚಾದದ್ದನ್ನು ಥರ್ಮೋಸ್ಟ್ಯಾಟು ಸರಿದೂಗಿಸುತ್ತದೆ, ಬೇಗ ಬೇಗ ಬಿಡುತ್ತದೆ. ಕಡಿಮೆಯಾದದ್ದನ್ನು ಸರಿದೂಗಿಸಲು ಅದರ ಬಳಿ ಏನೂ ಇಲ್ಲ. ಹೊನ್ನವಳ್ಳಿಯಲ್ಲೋ ಹಂದನಕೆರೆಯಲ್ಲೋ ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟದ ಶೆಡ್ಡಿನಲ್ಲಿ ಡಯಲನ್ನು 65ಕ್ಕೆ ತಿರುಗಿಸಿಟ್ಟು, ರಾತ್ರಿಯೆಲ್ಲ ಕ್ಲಿಕ್ ಸದ್ದೇ ಕೇಳದಿದ್ದರೆ ಥರ್ಮೋಸ್ಟ್ಯಾಟು ಕೆಟ್ಟಿದೆ ಎಂದು ಬಿಚ್ಚುವ ಮೊದಲು ವೋಲ್ಟ್‌ಮೀಟರ್ ನೋಡಬೇಕು. ಬಿಸಿ 65 ಮುಟ್ಟಿಯೇ ಇಲ್ಲದಿದ್ದರೆ ಅದು ಏಕೆ ಕ್ಲಿಕ್ ಎನ್ನಬೇಕು?

ಕಾಂಟಾಕ್ಟರಿನ ಸಂಕಟ ಇನ್ನೊಂದು ಬಗೆಯದು. ದೊಡ್ಡ ಲೋಡನ್ನು ಥರ್ಮೋಸ್ಟ್ಯಾಟು ತಾನೇ ಹೊರದೆ ಕಾಂಟಾಕ್ಟರಿನ ಕಾಯಿಲಿಗೆ ಮಾತ್ರ ಸನ್ನೆ ಕೊಡುತ್ತದೆ, ಭಾರ ಹೊರುವುದು ಕಾಂಟಾಕ್ಟರು. ಆ ಕಾಯಿಲು ಖಚಿತವಾಗಿ ಎಳೆದುಕೊಳ್ಳಲು ತನ್ನ ವೋಲ್ಟೇಜಿನ ಶೇ. 85 ಬೇಕು, ಅಂದರೆ ಸುಮಾರು 195. ಅದಕ್ಕಿಂತ ಕೆಳಗೆ ಅದು ಜೀರುಂಡೆಯಂತೆ ಗುಂಯ್‌ಗುಡುತ್ತ, ಅರೆಬರೆ ಕೂಡಿ ಬಿಟ್ಟು, ಬಿಂದುಗಳನ್ನು ಸುಟ್ಟುಕೊಳ್ಳುತ್ತದೆ. ಸದ್ದಿಲ್ಲದ ಸಾಲಿಡ್ ಸ್ಟೇಟ್ ರಿಲೇ ಇದಕ್ಕೆ ಮದ್ದೆನ್ನುತ್ತಾರೆ. ನಿಜ, ಆದರೆ ಅದು ಕೆಡುವುದು ಹೆಚ್ಚಾಗಿ ಕೂಡಿದ ಸ್ಥಿತಿಯಲ್ಲೇ. ಮತ್ತೆ ಕಟ್‌ಔಟಿನ ಮೇಲೆಯೇ ಭಾರ.

ಈ ಮೂರು ತಾಲ್ಲೂಕುಗಳಿಗೆ ಕರೆಂಟು ಕೊಡುವುದು ಬೆಸ್ಕಾಂ. ಪಂಪ್‌ಸೆಟ್ಟುಗಳ ಫೀಡರಿನಲ್ಲಿ ತ್ರೀ ಫೇಸು ಬರುವುದು ದಿನಕ್ಕೆ ಏಳು ಗಂಟೆಯ ಲೆಕ್ಕದಲ್ಲಿ, ಅದೂ ಹಗಲು ರಾತ್ರಿ ಹಂಚಿಕೊಂಡು. ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯ ಬೇರೆ ಫೀಡರು. ಒಂದು ಸಲಕ್ಕೆ ತುಂಬಿದ ಹೋಳು ಒಣಗಲು ಒಂದು ದಿನವೇ ಬೇಕಾಗುವುದರಿಂದ ಪಂಪಿನ ಲೈನಿನಲ್ಲಿ ಡ್ರೈಯರು ಓಡಿಸುವ ಆಸೆ ಫಲಿಸುವುದಿಲ್ಲ: ಏಳು ಗಂಟೆ ಕಾದು, ಉಳಿದ ಹೊತ್ತು ಬೆಚ್ಚಗೆ ಮುಚ್ಚಿಟ್ಟ ಹಸಿ ಹೋಳು ಬೂಷ್ಟಿಗೆ ಹಾಸಿದ ಹಾಸಿಗೆ. ಅದಲ್ಲದೆ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆಂದು ಕೊಟ್ಟ ಉಚಿತ ಕರೆಂಟನ್ನು ಒಣಗಿಸುವ ಯಂತ್ರಕ್ಕೆ ತಿರುಗಿಸುವಂತಿಲ್ಲ. ಘಟಕಕ್ಕೆ ಕೈಗಾರಿಕೆಯ ಸಂಪರ್ಕ ಬೇರೆ ಪಡೆಯಬೇಕು, ವೈರಿಂಗನ್ನು ಪರವಾನಗಿಯುಳ್ಳ ಗುತ್ತಿಗೆದಾರರಿಂದ ಮಾಡಿಸಬೇಕು.

ಮೂರು ಫೇಸಿನ ಒಂಬತ್ತು ಕಿಲೊವಾಟ್ ಡ್ರೈಯರಿನಲ್ಲಿ ಪ್ರತಿ ಫೇಸಿಗೆ 13 ಆಂಪಿಯರ್. ಇಲ್ಲಿ ಸಾಮಾನ್ಯವಾಗಿ 230 ವೋಲ್ಟಿನ ಮೂರು ಕಾಯಿಲು ಗುಂಪುಗಳನ್ನು ಸ್ಟಾರ್ ಆಗಿ ಕಟ್ಟುತ್ತಾರೆ. ಮೋಟರಿನ ಅಭ್ಯಾಸದಲ್ಲಿ ಯಾರಾದರೂ ಡೆಲ್ಟಾ ಮಾಡಿದರೆ ಒಂದೊಂದು ಗುಂಪಿನ ಮೇಲೂ 400 ವೋಲ್ಟ್ ಬಿದ್ದು, ಶಾಖ ಮೂರು ಪಟ್ಟಾಗಿ, ಕಾಯಿಲು ಬೆಳಗಾಗುವುದರೊಳಗೆ ತುಂಡು. ಸ್ಟಾರಿನ ನಡುಬಿಂದುವಿಗೆ ನ್ಯೂಟ್ರಲ್ ಇದ್ದು ಒಂದು ಫೇಸು ಹೋದರೆ ಮೂರರಲ್ಲೆರಡು ಪಾಲು ಶಾಖ ಉಳಿಯುತ್ತದೆ, ನ್ಯೂಟ್ರಲ್ ಇಲ್ಲದಿದ್ದರೆ ಅರ್ಧ. ಡ್ರೈಯರು ಏಕೋ ಇವತ್ತು ಕಾಯುತ್ತಿಲ್ಲ ಎಂಬ ದೂರಿನ ಹಿಂದೆ ಅನೇಕ ಸಲ ಕಂಬದ ಮೇಲಿನ ಒಂದು ಹಾರಿದ ಫ್ಯೂಸು ಇರುತ್ತದೆ. ಸಿಂಗಲ್ ಫೇಸಿನ ಹೊತ್ತಿನಲ್ಲಿ ಕಂಡೆನ್ಸರು ಹಾಕಿ ತ್ರೀ ಫೇಸಿನ ಪಂಪು ಓಡಿಸುವ ಉಪಾಯ ರೈತರಲ್ಲಿ ಬಳಕೆಯಲ್ಲಿದೆ. ಅದು ಹೀಟರಿಗೆ ಹೊಂದುವುದಿಲ್ಲ. ಹೀಟರಿಗೆ ಬೇಕಾದದ್ದು ಬರಿ ವಾಟ್, ತಿರುಗುವ ಫೇಸಿನ ಹಂಗು ಅದಕ್ಕಿಲ್ಲ. ಫ್ಯಾನಿನ ಮೋಟರಿಗಿದೆ. ಫೇಸು ತಪ್ಪಿದಾಗ ಅದು ಸುಡದಂತೆ ತಡೆಯುವ ಪ್ರಿವೆಂಟರನ್ನು ಆ ಮೋಟರಿಗೆ ಹಾಕಬೇಕು.

ಅರ್ತಿನ ವಿಷಯಕ್ಕೆ ಬಂದರೆ ಬೇಸಿಗೆಯಲ್ಲಿ ಒಣಗಿದ ಕೆಂಪು ಮಣ್ಣು ದೊಡ್ಡ ತೊಡಕು. ಭಾರತೀಯ ಮಾನಕ ಹೇಳುವಂತೆ ಕನಿಷ್ಠ 2.5 ಮೀಟರಿನ ಕಬ್ಬಿಣದ ಪೈಪು ಹೂತು, ಸುತ್ತ ಇದ್ದಿಲು ಉಪ್ಪು ತುಂಬಿದರೂ ಮಾರ್ಚ್, ಏಪ್ರಿಲ್‌ನಲ್ಲಿ ಗುಂಡಿಗೆ ನೀರು ಹಾಕದಿದ್ದರೆ ಅದು ಹೆಸರಿಗಷ್ಟೇ ಅರ್ತು. ಹತ್ತಿರದ ಬೋರ್‌ವೆಲ್ ಕೇಸಿಂಗಿಗೆ ತಂತಿ ಕಟ್ಟಿ ಕೈತೊಳೆದುಕೊಳ್ಳುವವರೂ ಉಂಟು. ಪಂಪಿನಲ್ಲಿ ಸೋರಿಕೆ ಆದ ದಿನ ಅದೇ ತಂತಿ ಡ್ರೈಯರಿನ ತಗಡಿಗೆ ಶಾಕ್ ತರುತ್ತದೆ.

ಬೆಂಕಿ

ಕೊಬ್ಬರಿ ತಾನೇ ತಾನಾಗಿ ಕಾಯುವ ಸರಕು. ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ಸಂಖ್ಯೆಯಿದೆ, ವರ್ಗ 4.2: ಸ್ವಯಂ ದಹನಕ್ಕೆ ಗುರಿಯಾಗಬಲ್ಲ ವಸ್ತು. ಅರೆ ಒಣಗಿದ ಕೊಬ್ಬರಿಯನ್ನು ಬಿಸಿಯಿರುವಾಗಲೇ ಮೂಟೆ ಕಟ್ಟಿ ಒಟ್ಟಿದರೆ ಒಳಗೆ ಕಾವು ಏರುತ್ತ ಹೋಗುತ್ತದೆ. ಹೀಟರು ಆರಿಸಿದ ಮೇಲೆ ಫ್ಯಾನನ್ನು ಇನ್ನೂ ಸ್ವಲ್ಪ ಹೊತ್ತು ಓಡಿಸುವ ಜೋಡಣೆ ಕಾಯಿಲಿಗೂ ಒಳ್ಳೆಯದು, ಕೊಬ್ಬರಿಗೂ. ಕಾಯಿಲಿನ ಮೇಲೆ ಕೂರುವ ನಾರಿನ ಪುಡಿ, ಎಣ್ಣೆಯ ಜಿಡ್ಡನ್ನು ವಾರಕ್ಕೊಮ್ಮೆಯಾದರೂ ತೆಗೆಯದಿದ್ದರೆ ಯಾವ ಕಟ್‌ಔಟೂ ಉಳಿಸದು.

ಬೇಸ್‌ಬೋರ್ಡ್ ಮತ್ತು ಗೀಸರು

ಮಕ್ಕಳು ಕೆನಡಾದಲ್ಲೋ ಮಿನೆಸೋಟದಲ್ಲೋ ನೆಲೆಸಿರುವ ಮನೆಗಳು ಈ ಮೂರು ತಾಲ್ಲೂಕುಗಳಲ್ಲೂ ಇವೆ. ಅಲ್ಲಿನ ಬೇಸ್‌ಬೋರ್ಡ್ ಹೀಟರಿಗೂ ಇಲ್ಲಿನ ಡ್ರೈಯರಿಗೂ ತತ್ವ ಒಂದೇ, ತಂತಿ ಬೇರೆ. ಅಲ್ಲಿ 240 ವೋಲ್ಟ್ ಬರುವುದು ಎರಡು ಜೀವಂತ ತಂತಿಗಳ ನಡುವೆ, ನ್ಯೂಟ್ರಲ್ಲಿನ ಪಾತ್ರವಿಲ್ಲ. ಆದ್ದರಿಂದ ಎರಡನ್ನೂ ಕಡಿಯುವ ನಾಲ್ಕು ತಂತಿಯ ಡಬಲ್ ಪೋಲ್ ಥರ್ಮೋಸ್ಟ್ಯಾಟ್ ಒಳಿತು. ಎರಡು ಲೈನಿಗೆ, ಎರಡು ಲೋಡಿಗೆ. ಒಂದನ್ನೇ ಕಡಿಯುವ ಥರ್ಮೋಸ್ಟ್ಯಾಟು ಹೀಟರನ್ನು ಆರಿಸಿದರೂ ಅದರ ಇನ್ನೊಂದು ತುದಿಯಲ್ಲಿ ಕರೆಂಟು ಇದ್ದೇ ಇರುತ್ತದೆ. ಅಡಿಯೊಂದಕ್ಕೆ 250 ವಾಟ್ ಸಾಮಾನ್ಯ ಲೆಕ್ಕ. 20 ಆಂಪಿಯರಿನ ಬ್ರೇಕರಿನ ಮೇಲೆ ಶೇ. 80 ಮಾತ್ರ ಹೊರಿಸುವ ನಿಯಮದಿಂದ 3,840 ವಾಟ್ ಮಿತಿ. ಗೋಡೆಯ ಥರ್ಮೋಸ್ಟ್ಯಾಟನ್ನು ಹೀಟರಿನ ನೆತ್ತಿಯ ಮೇಲೆ ಕೂರಿಸಬಾರದೆಂಬ ಅಲ್ಲಿನ ನಿಯಮ, ಡ್ರೈಯರಿನ ಬಲ್ಬು ಕಾಯಿಲನ್ನು ನೇರ ನೋಡಬಾರದು ಎಂಬುದರ ಅಣ್ಣತಮ್ಮ. ರಜೆಗೆ ಬಂದವರು ಸೂಟ್‌ಕೇಸಿನಲ್ಲಿ ತರುವ ಚೆಂದದ ಡಿಜಿಟಲ್ ಥರ್ಮೋಸ್ಟ್ಯಾಟುಗಳು ಹೆಚ್ಚಾಗಿ 24 ವೋಲ್ಟಿನವು, ಕುಲುಮೆಗೆ ಸನ್ನೆ ಕೊಡಲು ಮಾಡಿದವು. 230 ವೋಲ್ಟಿನ ಡ್ರೈಯರಿಗೆ ನೇರ ಕೊಟ್ಟರೆ ಅವು ಹೊಗೆಯಾಡುತ್ತವೆ.

ಗೀಸರಿನ ಥರ್ಮೋಸ್ಟ್ಯಾಟು ಈ ಸೀಮೆಯಲ್ಲಿ ತಡವಾಗಿ ಬಂದ ನೆಂಟ. ತೆಂಗಿನ ಹೆಡಲು, ಮಟ್ಟೆ, ಎಡಮಟ್ಟೆ ಬೇಕಾದಷ್ಟಿರುವ ಮನೆಯಲ್ಲಿ ಹಂಡೆಯ ನೀರೊಲೆಗೆ ಎದುರಾಳಿಯಿಲ್ಲ. ಗೀಸರಿನ ಒಳಗಿರುವುದು ಹಿತ್ತಾಳೆಯ ಕೊಳವೆಯಲ್ಲಿ ಕೂತ ಇನ್ವಾರ್ ಸರಳು. ಹಿತ್ತಾಳೆ ಬಿಸಿಗೆ ಹಿಗ್ಗುತ್ತದೆ, ಶೇ. 36 ನಿಕ್ಕಲಿನ ಇನ್ವಾರ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಆ ವ್ಯತ್ಯಾಸ ಸ್ವಿಚ್ಚನ್ನು ಎಳೆಯುತ್ತದೆ. ಇನ್ವಾರನ್ನು 1896ರಲ್ಲಿ ಕಂಡುಹಿಡಿದ ಷಾರ್ಲ್ ಗಿಯೋಮ್‌ಗೆ 1920ರ ಭೌತಶಾಸ್ತ್ರದ ನೊಬೆಲ್ ಬಂತು. ಬೋರ್‌ವೆಲ್ಲಿನ ಗಡಸು ನೀರು ಕೊಳವೆಯ ಮೇಲೆ ಸುಣ್ಣ ಕಟ್ಟಿದಾಗ ಈ ನೊಬೆಲಿನ ಸರಳೂ ತಡವಾಗಿ ಮಾತಾಡುತ್ತದೆ.

ತೂಕದ ಪರೀಕ್ಷೆ

ಡ್ರೈಯರು ಯಾವಾಗ ನಿಲ್ಲಿಸಬೇಕೆಂಬುದನ್ನು ಥರ್ಮೋಸ್ಟ್ಯಾಟು ಹೇಳುವುದಿಲ್ಲ. ಅದಕ್ಕೆ ಬಿಸಿ ಗೊತ್ತು, ತೇವ ಗೊತ್ತಿಲ್ಲ. ಕೊಬ್ಬರಿಯನ್ನು ಕೈಯಲ್ಲಿ ಮುರಿದು ಪಟ್ಟೆಂದು ಬಂತೇ, ಬಾಗಿತೇ ಎಂದು ನೋಡುವುದು ಹಳಬರ ಪರೀಕ್ಷೆ. ಇನ್ನೂ ಖಚಿತವಾದದ್ದು ತಕ್ಕಡಿ. ತುಂಬುವಾಗ ಒಂದು ಬಲೆಚೀಲದಲ್ಲಿ ಹಸಿ ತಿರುಳು ಸರಿಯಾಗಿ ಒಂದು ಕಿಲೊ ತೂಗಿ ನಡುವಿನ ಟ್ರೇಯಲ್ಲಿಡಬೇಕು. ಅರ್ಧ ನೀರಿದ್ದ ತಿರುಳು 532 ಗ್ರಾಮಿಗೆ ಇಳಿದಾಗ ತೇವ ಶೇ. 6. ಮುಳ್ಳು ಇನ್ನೂ 560ರಲ್ಲಿ ನಿಂತಿದ್ದರೆ ಶೇ. 10ಕ್ಕೂ ಹೆಚ್ಚು ನೀರು ಒಳಗಿದೆ. ಡಯಲು ಎಷ್ಟು ತೋರಿಸುತ್ತಿದ್ದರೂ ಅಂದು ಮೂಟೆ ಕಟ್ಟುವಂತಿಲ್ಲ.